ತೊಂಬತ್ತೇಳನೆಯ ಪುಟ

ಮಾರ್ಚ್ 3

ಅಕ್ಕನಿಗೆ,

ಲಕೋಟೆಯ ಮೇಲಿನ ಕೈಬರಹ ನೋಡಿದ ಕೂಡಲೇ ಇದು ಯಾರದೆಂದು ನಿನಗೆ ಗೊತ್ತಾಗಿರುತ್ತದೆ. ಗೊತ್ತಾಗಿಯೂ ಒಡೆದು ಇಲ್ಲಿಯವರೆಗೆ ಓದಿದ್ದರೆ, ದಯವಿಟ್ಟು ಕೊನೆಯವರೆಗೂ ಓದು. ಹರಿದು ಬಿಸಾಡುವುದಿದ್ದರೆ ಆಮೇಲೆ ಬಿಸಾಡು.

ವಿಳಾಸ ಕೊಟ್ಟದ್ದು ನಮ್ಮ ಅಚ್ಚುಕೂಟದ ಪುಸ್ತಕಗಳಿಗೆ ಹೊಲಿಗೆ ಹಾಕಿಕೊಡುತ್ತಿದ್ದ ಬೈಂಡಿಂಗ್ ಮಾಮ. ಬಸ್ ನಿಲ್ದಾಣದಲ್ಲಿ ಸಿಕ್ಕಿದ್ದರು. “ನಿಮ್ಮಕ್ಕ ಲೈಬ್ರರೀಲಿ ಹರಿದ ಪುಸ್ತಕ ರಿಪೇರಿ ಮಾಡ್ತಾಳೆ ಕಣೋ, ಆ ಕೆಲಸ ಕಲಿಸಿದ್ದು ನಾನೇ” ಎಂದು ಎದೆಯುಬ್ಬಿಸಿ ಹೇಳಿದರು. ವಿಳಾಸ ಬರೆದುಕೊಟ್ಟ ಮೇಲೆ, “ನಾನು ಕೊಟ್ಟೆ ಅಂತ ಮಾತ್ರ ಬಾಯಿ ಬಿಡಬೇಡ” ಅಂದರು. ಬಾಯಿ ಬಿಟ್ಟೆ ನೋಡು. ನನ್ನ ಬಾಯಿಯ ವಿಷಯ ನಿನಗೆ ಹೊಸದಲ್ಲ.

ನಾನು ಈಗ ಫಾಂಟ್ ಬರೆಯುವ ಕೆಲಸದಲ್ಲಿದ್ದೇನೆ. ಕಂಪ್ಯೂಟರಿನಲ್ಲಿ ಒಂದೊಂದೇ ಅಕ್ಷರದ ರೂಪ ತಿದ್ದಿ ತೀಡಿ ಕೊಡುವುದು. ಒಂದು ಪ್ರಕಾಶನದವರು ತಮ್ಮ ಇಂಗ್ಲಿಷ್ ಪುಸ್ತಕಗಳಿಗೆಂದೇ ಹೊಸ ಫಾಂಟ್ ಕೇಳಿದ್ದಾರೆ. ಕಾಗದದ ಮೇಲೂ ಚೆನ್ನಾಗಿರಬೇಕು, ಫೋನಿನಲ್ಲೂ ಓದಲು ಬರಬೇಕು, ಆದರೆ ನೋಡಿದರೆ ಹಳೆಯ ಪುಸ್ತಕದ ಮುಖ ನೆನಪಾಗಬೇಕು ಎನ್ನುತ್ತಾರೆ. ಹಳೆಯ ಪುಸ್ತಕ ಎಂದಾಗ ನನಗೆ ಬೇರೆ ಯಾವುದೂ ತೋಚಲಿಲ್ಲ ಅಕ್ಕ. ನಮ್ಮ ಅಚ್ಚುಕೂಟದ ಸೀಸದ ಅಚ್ಚುಮೊಳೆಗಳೇ ಕಣ್ಣ ಮುಂದೆ ಬಂದವು. ಕಸಿ ಕಟ್ಟುವ ಬಗ್ಗೆ ಆ ತೋಟಗಾರರು ಇಂಗ್ಲಿಷಿನಲ್ಲಿ ಬರೆದ ಪುಸ್ತಕ, ನೀನು ಮೊಳೆ ಜೋಡಿಸಿದ್ದು, ತೊಂಬತ್ತಾರು ಪುಟಕ್ಕೆ ನಿಂತುಹೋಯಿತಲ್ಲ. ಅದರ ಹಾಳೆಗಳು ನನ್ನ ಹತ್ತಿರ ಉಳಿದಿದ್ದವು. ಅವನ್ನು ದೊಡ್ಡದು ಮಾಡಿ ಗೋಡೆಗೆ ಅಂಟಿಸಿಕೊಂಡು ಕೂತಿದ್ದೇನೆ.

ಎಷ್ಟು ವರ್ಷ ಆ ಅಕ್ಷರಗಳ ನಡುವೆಯೇ ಬಿದ್ದಿದ್ದೆ, ಒಂದು ದಿನವೂ ಸರಿಯಾಗಿ ನೋಡಿರಲಿಲ್ಲ. ಪ್ರತಿ ಅಕ್ಷರದ ಕಂಬವೂ ಪಾದದ ಹತ್ತಿರ ಬರುವಾಗ ಮೆಲ್ಲಗೆ ಅಗಲವಾಗುತ್ತದೆ, ಎಲ್ಲೂ ಸ್ಕೇಲಿಟ್ಟು ಕೊಯ್ದ ಹಾಗಿಲ್ಲ. ‘o’ ನೆಟ್ಟಗೆ ನಿಲ್ಲದೆ ಸ್ವಲ್ಪ ಹಿಂದಕ್ಕೆ ಒರಗಿದೆ, ಬರೆಯುವವರು ಲೇಖನಿಯನ್ನು ಓರೆಯಾಗಿ ಹಿಡಿದಿದ್ದರೇನೋ ಎನ್ನುವಂತೆ. ಒಂದು ತಿಂಗಳು ಆ ಒರಗುವಿಕೆ ಹಿಡಿಯುವುದರಲ್ಲೇ ಕಳೆಯಿತು.

ಎಲ್ಲ ಆಯಿತು, ‘g’ ಒಂದು ಕೈಗೆ ಬರುತ್ತಿಲ್ಲ. ಅದಕ್ಕೆ ಮೇಲೊಂದು ಹೊಟ್ಟೆ, ಕೆಳಗೊಂದು ಹೊಟ್ಟೆ, ನೆತ್ತಿಯ ಪಕ್ಕಕ್ಕೊಂದು ಪುಟ್ಟ ಕಿವಿ. ಅಚ್ಚಾದ ಹಾಳೆಯಲ್ಲಿ ಎರಡೂ ಹೊಟ್ಟೆಗೆ ಶಾಯಿ ತುಂಬಿಕೊಂಡು ಒಳಗಿನ ಆಕಾರವೇ ಕಾಣುವುದಿಲ್ಲ. ನಿನ್ನ ಹತ್ತಿರ ಹಳೆಯ ಮೊಳೆ ಯಾವುದಾದರೂ ಉಳಿದಿದೆಯಾ? ಒಂದೇ ಒಂದು ‘g’ ಸಾಕು. ನೋಡಿ ವಾಪಸ್ ಕಳಿಸುತ್ತೇನೆ.

ನಾನಿರುವುದು ಮೂರನೆಯ ಮಹಡಿಯ ಒಂದು ಕೋಣೆಯಲ್ಲಿ. ಕೆಳಗೆ ಗಡಿಯಾರ ರಿಪೇರಿಯ ಅಂಗಡಿ. ಮದುವೆ ಆಗಿತ್ತು, ಈಗಿಲ್ಲ. ಕೆಲಸವೂ ಇದೇ ಕೋಣೆಯಲ್ಲಿ. ಕೆಲವು ದಿನ ಗಡಿಯಾರದವರಿಗೆ “ಊಟ ಆಯ್ತಾ” ಎಂದು ಕೇಳುವುದನ್ನು ಬಿಟ್ಟರೆ ಬಾಯಿ ತೆರೆಯುವ ಸಂದರ್ಭವೇ ಬರುವುದಿಲ್ಲ. ಫೋನ್ ನಂಬರ್ ಕೆಳಗೆ ಬರೆದಿದ್ದೇನೆ.

ನಿನ್ನ ತಮ್ಮ


ಮಾರ್ಚ್ 19

ಶ್ರೀಯುತ ಅಕ್ಷರ ವಿನ್ಯಾಸಕರಿಗೆ,

ತಮ್ಮ ಪತ್ರ ತಲುಪಿತು. ಹತ್ತೊಂಬತ್ತು ವರ್ಷದ ಮೇಲೆ ತಮಗೆ ನಮ್ಮ ನೆನಪಾದದ್ದು, ಅದೂ ಒಂದು ‘g’ ಬೇಕಾಗಿ, ನಮ್ಮ ಭಾಗ್ಯ.

ತಾವು ಕೇಳಿದ ಮೊಳೆ ನನ್ನ ಹತ್ತಿರ ಇಲ್ಲ. ಒಂದೂ ಇಲ್ಲ. ಎಲ್ಲಿ ಹೋದವು ಎನ್ನುವುದು ನನಗಿಂತ ತಮಗೇ ಚೆನ್ನಾಗಿ ಗೊತ್ತು. ಗೋಣಿಚೀಲದ ಬಾಯಿ ಹಿಡಿದುಕೊಂಡು ನಿಂತವರು ತಾವು. ಗುಜರಿಯವನನ್ನೇ ಕೇಳಿ, ಕರಗಿಸಿ ಏನು ಮಾಡಿದನೋ, ಯಾರ ಗಾಡಿಯ ಬ್ಯಾಟರಿಯೊಳಗೆ ಕೂತಿವೆಯೋ.

ಫೋನ್ ಮಾಡುವುದಿಲ್ಲ. ಫೋನಿನಲ್ಲಿ ಬೈದರೆ ಗಾಳಿಗೆ ಹೋಗುತ್ತದೆ. ಕಾಗದದಲ್ಲಿ ಬೈದರೆ ಇನ್ನೊಂದು ಸಲ ತೆಗೆದು ಓದಿಕೊಳ್ಳಬಹುದು, ತಮಗೂ ಕಾಲ ಕಳೆಯಲು ಒಂದು ದಾರಿಯಾಗುತ್ತದೆ.

ಪತ್ರದ ಜೊತೆ ತಾವು ಇಟ್ಟ ಮಾದರಿ ಹಾಳೆ ನೋಡಿದೆ. ನೋಡಬಾರದು ಅಂತಲೇ ಮೂರು ದಿನ ಮೇಜಿನ ಮೇಲೆ ಮಗುಚಿ ಹಾಕಿದ್ದೆ. ‘a’ಗೆ ಹೊಟ್ಟೆ ಜಾಸ್ತಿ ಆಗಿದೆ, ಉಂಡು ಕೂತ ಹಾಗೆ. ‘t’ ಇಷ್ಟು ಉದ್ದ ಇರಲಿಲ್ಲ. ನಮ್ಮ ‘t’ ತಲೆ ತಗ್ಗಿಸಿಕೊಂಡೇ ಇರುತ್ತಿತ್ತು. ಉಳಿದವು ಪರವಾಗಿಲ್ಲ.

ಬೈಂಡಿಂಗ್ ಮಾಮನನ್ನು ನಾನು ಬೇರೆಯಾಗಿ ವಿಚಾರಿಸಿಕೊಳ್ಳುತ್ತೇನೆ.

ಇಂತಿ,
ಒಂದು ಕಾಲದಲ್ಲಿ ಮೊಳೆ ಜೋಡಿಸುತ್ತಿದ್ದವಳು


ಏಪ್ರಿಲ್ 6

ಅಕ್ಕ,

ನಿನ್ನ ‘ತಾವು’ ಓದಿ ಹಾಳೆಯನ್ನು ಮಗುಚಿಟ್ಟೆ. ಆದರೂ ನೀನು ಬರೆದೆ. ಅದೇ ಹಾಳೆಯನ್ನು ಎಷ್ಟು ಸಲ ಓದಿದೆ ಎಂದು ಹೇಳಿದರೆ ನೀನು ನಗುತ್ತೀಯ.

‘a’ಯ ಹೊಟ್ಟೆ ಇಳಿಸಿದೆ. ನೀನು ಹೇಳಿದ್ದು ಸರಿ. ಇಲ್ಲಿ ಇಬ್ಬರು ಪರಿಣತರು ನೋಡಿದ್ದರು, ಇಬ್ಬರಿಗೂ ಕಾಣಿಸಿರಲಿಲ್ಲ. ‘t’ ತಲೆ ತಗ್ಗಿಸಿದೆ. ಹೊಸ ಹಾಳೆ ಇಟ್ಟಿದ್ದೇನೆ.

ಮೊಳೆ ಇಲ್ಲದಿದ್ದರೆ ಬೇಡ. ತೊಂಬತ್ತಾರು ಪುಟವನ್ನೂ ಭೂತಗನ್ನಡಿ ಹಿಡಿದು ಮತ್ತೊಮ್ಮೆ ಹುಡುಕಿದೆ. ಶಾಯಿ ಕಡಿಮೆ ಬಿದ್ದ ಏಳೆಂಟು ‘g’ ಸಿಕ್ಕವು. ಅವುಗಳಲ್ಲಿ ಒಂದು ವಿಶೇಷ ಕಂಡೆ. ಕಿವಿ ಬಹಳ ಮೊಟಕು. ಇಂಥ ಹಳೆಯ ಅಕ್ಷರಗಳಲ್ಲಿ ‘g’ಯ ಕಿವಿ ಹೊರಗೆ ಚಾಚಿಕೊಂಡು ಪಕ್ಕದ ಅಕ್ಷರವನ್ನು ಮುಟ್ಟುವಷ್ಟು ಬರುತ್ತದೆ. ನಮ್ಮದರಲ್ಲಿ ಹಾಗಿಲ್ಲ. ಹುಟ್ಟುವಷ್ಟರಲ್ಲೇ ನಿಂತುಬಿಟ್ಟಿದೆ. ತುದಿ ಮಾತ್ರ ಚೂರು ಕೆಳಗೆ ಬಾಗಿದೆ. ಎಂಥ ಸಂಯಮ ನೋಡು! ಪಕ್ಕದವನಿಗೆ ಜಾಗ ಬಿಡಬೇಕೆಂದು ಕಿವಿಯನ್ನೇ ಮೊಟಕು ಮಾಡಿದ್ದಾನೆ ಆ ಕಾಲದ ಕುಶಲಕರ್ಮಿ. ಪ್ರಕಾಶನದವರಿಗೆ ಕೊಡುವ ಟಿಪ್ಪಣಿಯಲ್ಲಿ ಇದರ ಬಗ್ಗೆಯೇ ಒಂದು ಪುಟ ಬರೆದಿದ್ದೇನೆ. ‘r’ನ ತುದಿ, ‘f’ನ ಕೊಕ್ಕೆ, ‘c’ಯ ಬಾಯಿ ಎಲ್ಲವನ್ನೂ ಆ ಕಿವಿಗೆ ಹೊಂದುವಂತೆ ಮೊಟಕು ಮಾಡಿದೆ. ಇಡೀ ಫಾಂಟು ಆ ಒಂದು ಕಿವಿಯ ಮೇಲೆ ನಿಂತಿದೆ ಎಂದರೂ ತಪ್ಪಿಲ್ಲ.

ನಿನ್ನ ಕೋಣೆ ಹೇಗಿದೆ? ಬೆಳಕು ಬರುತ್ತದೆಯಾ? ಕಣ್ಣು ಹೇಗಿದೆ? ನೀನೇನೂ ಬರೆದಿಲ್ಲ.

ನಿನ್ನ ತಮ್ಮ


ಏಪ್ರಿಲ್ 21

ಕುಶಲಕರ್ಮಿಗಳೇ,

ನಕ್ಕು ನಕ್ಕು ಸಾಕಾಯಿತು. ಲೈಬ್ರರಿಯಲ್ಲಿ ನನ್ನ ಎದುರು ಕೂರುವ ಹೆಂಗಸು ಗಾಬರಿಯಾಗಿ ನೀರು ತಂದುಕೊಟ್ಟಳು. ನಾನು ನಕ್ಕಿದ್ದನ್ನು ಆ ಪುಣ್ಯಾತ್ಗಿತ್ತಿ ಯಾವತ್ತೂ ನೋಡಿಲ್ಲ.

ಸಂಯಮವಂತೆ! ಆ ಕಿವಿ ಮೊಟಕು ಮಾಡಿದ ಮಹಾನುಭಾವ ಯಾರು ಗೊತ್ತಾ? ನೀನೇ.

ನಿನಗೆ ಇಪ್ಪತ್ತೆರಡೋ ಇಪ್ಪತ್ತಮೂರೋ ಇರಬೇಕು. ಹೊಸ ‘g’ ಎರಕ ಹೊಯ್ಯಿಸಿ ತರಲು ಅಪ್ಪ ನಿನ್ನನ್ನು ಫೌಂಡ್ರಿಗೆ ಕಳಿಸಿದ್ದರು. ಪೊಟ್ಟಣವನ್ನು ಸೈಕಲ್ಲಿನ ಹಿಂದೆ ಕಟ್ಟು ಎಂದರೆ ಹ್ಯಾಂಡಲ್ಲಿಗೆ ನೇತುಹಾಕಿಕೊಂಡು ಬಂದೆ. ಅಚ್ಚುಕೂಟದ ಬಾಗಿಲಲ್ಲೇ, ಕಲ್ಲಿನ ಮೆಟ್ಟಿಲ ಮೇಲೆ, ಸೈಕಲ್ಲು ಒಂದು ಕಡೆ, ನೀನೊಂದು ಕಡೆ, ಪೊಟ್ಟಣ ಒಂದು ಕಡೆ. ಮೊಣಕಾಲು ಒಡೆದುಕೊಂಡು, “ಅಯ್ಯೋ ಸತ್ತೆ” ಎಂದು ಬೀದಿಯವರನ್ನೆಲ್ಲ ಸೇರಿಸಿದೆ. ನಾವು ನಿನ್ನನ್ನು ಎತ್ತುವುದಾ, ಮೊಳೆ ಆರಿಸುವುದಾ?

ಸೀಸದ ಮೊಳೆ ಅಂಥ ಗಟ್ಟಿಯಲ್ಲ, ಅದರಲ್ಲೂ ಹೊರಗೆ ಚಾಚಿದ ಕಿವಿ. ಅರ್ಧಕ್ಕರ್ಧ ‘g’ ಕೆಲಸಕ್ಕೆ ಬಾರದೆ ಹೋದವು. ಉಳಿದವಕ್ಕೆ ಕಿವಿ ಮುರಿದು ಚೂಪಾಗಿ ನಿಂತಿತ್ತು, ಹಾಗೇ ಇಟ್ಟರೆ ಕಾಗದ ಹರಿಯುತ್ತಿತ್ತು. ನೀನು ಮೊಣಕಾಲಿಗೆ ಬಟ್ಟೆ ಸುತ್ತಿಕೊಂಡು ಒಳಗೆ ಮಲಗಿ ನರಳುತ್ತಿದ್ದಾಗ ಅಪ್ಪ ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು, ಸಣ್ಣ ಅರ ಹಿಡಿದು, ಒಂದೊಂದೇ ‘g’ಯ ಕಿವಿ ಉಜ್ಜಿದರು. ತುದಿ ಕೆಳಗೆ ಬಾಗಿದೆ ಎಂದೆಯಲ್ಲ, ಅದು ಅಪ್ಪನ ಕೈ ಇಳಿಯುತ್ತಿದ್ದ ರೀತಿ. ನಿನಗೆ ಹೇಳಬೇಡ ಎಂದರು. “ಮೊದಲೇ ಅವನಿಗೆ ಈ ಕೆಲಸದ ಮೇಲೆ ಮನಸ್ಸಿಲ್ಲ, ಬೈದರೆ ಇನ್ನೂ ದೂರ ಹೋಗ್ತಾನೆ” ಎಂದರು. ನಾನು ಬೈದೆ, ಅದು ಬೇರೆ ಮಾತು. ಆದರೆ ಸೈಕಲ್ಲಿಗೆ ಬೈದೆ, ‘g’ಗೆ ಬೈಯಲಿಲ್ಲ.

ಅಲ್ಲಿಂದ ಮುಂದೆ ನಮ್ಮಲ್ಲಿ ‘g’ ಯಾವಾಗಲೂ ಕೊರತೆಯೇ. ತೋಟಗಾರರ ಪುಸ್ತಕದಲ್ಲಂತೂ ಸಾಲಿಗೆ ನಾಲ್ಕು ಸಲ ಬರುತ್ತಿತ್ತು. ಪ್ರಾಣ ತೆಗೆದಿದ್ದರು ಪುಣ್ಯಾತ್ಮರು.

ಆ ಅರ ಈಗಲೂ ನನ್ನ ಹತ್ತಿರ ಇದೆ. ಏಪ್ರನ್ ಜೇಬಿನಲ್ಲಿತ್ತು, ಅದಕ್ಕೆ ಉಳಿಯಿತು. ಪುಸ್ತಕದ ರಟ್ಟಿನ ಅಂಚು ಉಜ್ಜುತ್ತೇನೆ.

ಈಗ ಹೇಳು, ಟಿಪ್ಪಣಿಯ ಆ ಒಂದು ಪುಟ ಏನು ಮಾಡುತ್ತೀಯ?

ಮೊಳೆ ಜೋಡಿಸುತ್ತಿದ್ದವಳು

(ಕೋಣೆ ಇದೆ. ಬೆಳಕು ಬೆಳಿಗ್ಗೆ ಬರುತ್ತದೆ, ಆಗ ನಾನು ಇರುವುದಿಲ್ಲ.)


ಮೇ 2

ಅಕ್ಕ,

ಟಿಪ್ಪಣಿಯ ಪುಟ ಹರಿದು ಹಾಕಿದೆ. ಕಿವಿಯನ್ನು ಹಾಗೇ ಉಳಿಸಿಕೊಂಡೆ.

ಎರಡು ದಿನ ಏನೂ ಕೆಲಸ ಮಾಡಲಾಗಲಿಲ್ಲ. ಗೋಡೆಯ ಮೇಲಿನ ‘g’ ನೋಡುತ್ತಾ ಕೂತೆ. ಇನ್ನೂರು ಮುನ್ನೂರು ವರ್ಷದ ಹಿಂದಿನ ಯಾರೋ ಒಬ್ಬನನ್ನು ಹುಡುಕಿಕೊಂಡು ಹೊರಟಿದ್ದೆ, ಸಿಕ್ಕಿದ್ದು ಅಪ್ಪ. ಅವರ ಫೋಟೋ ಒಂದೂ ನನ್ನ ಹತ್ತಿರ ಇಲ್ಲ ಅಕ್ಕ. ಇದ್ದವೆಲ್ಲ ನೀನು ತೆಗೆದುಕೊಂಡು ಹೋದೆ. ತೆಗೆದುಕೊಂಡು ಹೋಗಿದ್ದು ಸರಿಯೇ. ಆದರೆ ಈಗ ನನ್ನ ಹತ್ತಿರ ಅವರ ಕೈ ಇದೆ ಅನ್ನಿಸಿತು. ಅಳು ಬಂತು. ಬಂತು ಎಂದೇ ಬರೆಯುತ್ತೇನೆ, ಮುಚ್ಚಿಡುವುದು ಯಾಕೆ.

ನಾನು ಒಂದು ಸಲ ಬರಲೇ? ಒಂದು ದಿನದ ಮಟ್ಟಿಗೆ. ಮಾತಾಡದಿದ್ದರೂ ಸರಿ, ಎದುರಿಗೆ ಕೂತು ಬೈಸಿಕೊಂಡು ಬರುತ್ತೇನೆ.

ಆ ದಿನ ನಾನು ಮಾಡಿದ್ದರ ಬಗ್ಗೆ ಇಷ್ಟೇ ಹೇಳುತ್ತೇನೆ. ಬೇರೆ ದಾರಿ ಇರಲಿಲ್ಲ. ಊರಲ್ಲಿ ಎಲ್ಲರೂ ಮೊಳೆ ಬಿಟ್ಟು ಕಂಪ್ಯೂಟರಿಗೆ ಹೋಗಿದ್ದರು, ಕಟ್ಟಡದವರು ಜಾಗ ಖಾಲಿ ಮಾಡಿ ಎನ್ನುತ್ತಿದ್ದರು, ಅಪ್ಪ ಆಸ್ಪತ್ರೆಯಲ್ಲಿದ್ದರು. ಯಾರಾದರೂ ಒಬ್ಬರು ತೀರ್ಮಾನ ಮಾಡಬೇಕಿತ್ತು.

ನಿನ್ನ ತಮ್ಮ


ಜೂನ್ 15

ಅಕ್ಕ,

ಆರು ವಾರವಾಯಿತು, ನಿನ್ನಿಂದ ಉತ್ತರವಿಲ್ಲ. ಅಂಚೆಯವರು ಮೆಟ್ಟಿಲು ಹತ್ತುವ ಸದ್ದಾದರೆ ಏಳುತ್ತೇನೆ. ಅವರು ಎರಡನೆಯ ಮಹಡಿಗೇ ನಿಂತುಬಿಡುತ್ತಾರೆ.

ಹೋದ ಪತ್ರದ ಕೊನೆಯ ಮಾತುಗಳನ್ನು ನಾನು ಬರೆಯಬಾರದಿತ್ತು. ಬರೆದು ಪೆಟ್ಟಿಗೆಗೆ ಹಾಕಿ ತಿರುಗುವಷ್ಟರಲ್ಲೇ ಕೈ ಒಳಗೆ ತೂರಿಸಿ ವಾಪಸ್ ತೆಗೆದುಕೊಳ್ಳಬೇಕು ಅನ್ನಿಸಿತು.

ಫಾಂಟಿನ ಕೆಲಸ ಮುಗಿಯುತ್ತಾ ಬಂತು. ಕೊನೆಗೆ ಒಂದು ಸಣ್ಣ ಕೆಲಸ ಉಳಿದಿರುತ್ತದೆ. ಓದುವವರ ಮುಂದೆ ನಮ್ಮ ಫಾಂಟಿನಲ್ಲಿ ಇಲ್ಲದ ಅಕ್ಷರ ಬಂದರೆ ಆ ಜಾಗದಲ್ಲಿ ಏನು ಕಾಣಿಸಬೇಕು ಎನ್ನುವುದನ್ನೂ ನಾವೇ ಬರೆದಿಡಬೇಕು. ಎಲ್ಲರೂ ಒಂದು ಖಾಲಿ ಚೌಕ ಬರೆದು ಕೈತೊಳೆದುಕೊಳ್ಳುತ್ತಾರೆ. ನಾನೂ ಬರೆಯಲು ಕೂತೆ. ಆಗ ನೆನಪಾಯಿತು, ನಮ್ಮಲ್ಲಿ ಅಕ್ಷರ ಮುಗಿದರೆ ನೀನು ಏನು ಮಾಡುತ್ತಿದ್ದೆ ಎಂದು. ಅಷ್ಟೇ ಅಗಲದ ಇನ್ನೊಂದು ಮೊಳೆಯನ್ನು ತಲೆಕೆಳಗು ಮಾಡಿ ಆ ಜಾಗದಲ್ಲಿ ನಿಲ್ಲಿಸುತ್ತಿದ್ದೆ. ಪ್ರೂಫ್ ತೆಗೆದರೆ ಮೊಳೆಯ ಬುಡ ಅಚ್ಚಾಗಿ ಎರಡು ಕಪ್ಪು ಪಟ್ಟಿ ಬೀಳುತ್ತಿತ್ತು. ಅಕ್ಷರ ಇನ್ನೂ ಬರಬೇಕು, ಜಾಗ ಹಿಡಿದಿಟ್ಟಿದೆ ಎಂದರ್ಥ. ಬಂದ ಮೇಲೆ ಅದನ್ನು ಕಿತ್ತು ಸರಿಯಾದದ್ದು ಇಡುತ್ತಿದ್ದೆ.

ಅದು ನೆನಪಾದ ಮೇಲೆ ಉಳಿದದ್ದೂ ನೆನಪಾಯಿತು. ನೆನಪಾಯಿತು ಎಂದರೆ ಸುಳ್ಳು, ಯಾವತ್ತೂ ಮರೆತಿರಲಿಲ್ಲ.

ಆ ದಿನ ನೀನು ಪುಟ ಜೋಡಿಸುತ್ತಾ, “‘g’ ಮುಗೀತು ಕಣೋ, ಹಿಂದಿನ ಬೀದಿಯ ಅಚ್ಚುಕೂಟದಿಂದ ಒಂದು ಹಿಡಿ ಸಾಲ ತಗೊಂಡು ಬಾ” ಎಂದೆ. ನಾನು “ಅರ್ಧ ಗಂಟೇಲಿ ಬಂದೆ” ಎಂದು ಹೋದೆ. ಅಲ್ಲಿ ಅವರು ಮೊಳೆ ಇಡುವ ಮರದ ಕೇಸುಗಳನ್ನೆಲ್ಲ ಚೀಲಕ್ಕೆ ಸುರಿಯುತ್ತಿದ್ದರು. ಮೊಳೆ ಸುರಿಯುವ ಸದ್ದು ಇನ್ನೂ ಕಿವಿಯಲ್ಲಿದೆ. ಅಲ್ಲಿಯ ಯಜಮಾನರು, “ನೀವಿನ್ನೂ ಎಷ್ಟು ದಿನ ಅಂತ ಇದನ್ನ ಕಟ್ಕೊಂಡು ಒದ್ದಾಡ್ತೀರಪ್ಪಾ?” ಎಂದರು. ಗುಜರಿಯವನು ಅಲ್ಲೇ ನಿಂತಿದ್ದ. ನಾನು ಅವನನ್ನು ಕರೆದುಕೊಂಡು ಬಂದೆ. ಬರುವಷ್ಟರಲ್ಲಿ ಆಸ್ಪತ್ರೆಯಿಂದ ಕರೆ ಬಂದು ನೀನು ಹೋಗಿಬಿಟ್ಟಿದ್ದೆ. ನೀನಿದ್ದಿದ್ದರೆ ನನಗೆ ಧೈರ್ಯ ಸಾಲುತ್ತಿರಲಿಲ್ಲ. ಇಲ್ಲದಿದ್ದದ್ದು ಒಳ್ಳೆಯದೇ ಆಯಿತು ಎಂದುಕೊಂಡೆ. ಹೌದು, ಹಾಗೇ ಎಂದುಕೊಂಡೆ.

ನಿನ್ನ ಭಾರ ಇಳಿಸಲು ಹಾಗೆ ಮಾಡಿದೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಅದಲ್ಲ. ನನಗೆ ಆ ಸೀಸದ ಮೇಲೆ ಬೇಸರ ಬಂದಿತ್ತು. ಉಗುರಿನ ಸಂದಿಯ ಕಪ್ಪು ತೋರಿಸಲು ನಾಚಿಕೆಯಾಗುತ್ತಿತ್ತು. ಬೇರೆ ದಾರಿ ಇರಲಿಲ್ಲ ಎಂದು ಬರೆದೆನಲ್ಲ, ಇತ್ತು. ನಿನ್ನನ್ನು ಒಂದು ಮಾತು ಕೇಳಬಹುದಿತ್ತು.

ತಪ್ಪಾಯಿತು ಅಕ್ಕ. ಹತ್ತೊಂಬತ್ತು ವರ್ಷ ತಡವಾಗಿ ಹೇಳುತ್ತಿದ್ದೇನೆ.

ನಿನ್ನ ತಮ್ಮ


ಜುಲೈ 9

ಚೋಟು,

ಈ ಹೆಸರು ಬರೆದು, ಹೊಡೆದು ಹಾಕಿ, ಬೇರೆ ಹಾಳೆಯಲ್ಲಿ ಮತ್ತೆ ಅದನ್ನೇ ಬರೆದೆ. ನಿನಗೆ ಈಗ ತಲೆ ನೆರೆತಿರಬೇಕು, ಚೋಟು ಎಂದು ಕರೆಯುವುದು ಚೆನ್ನಾಗಿರುವುದಿಲ್ಲ. ಆದರೆ ಬೇರೆ ಹೆಸರಿನಿಂದ ಕರೆದರೆ ಯಾರಿಗೋ ಬರೆದ ಹಾಗಾಗುತ್ತದೆ.

ನಾನು ಸುಳ್ಳು ಹೇಳಿದ್ದೆ. ಮೊಳೆ ಒಂದೂ ಇಲ್ಲ ಎಂದಿದ್ದೆನಲ್ಲ. ಮೊಳೆ ಜೋಡಿಸಿದ ಒಂದು ಇಡೀ ಪುಟವೇ ಇದೆ.

ಆ ದಿನ ತೊಂಬತ್ತೇಳನೆಯ ಪುಟ ಜೋಡಿಸುತ್ತಿದ್ದೆ. ಕೊನೆಯ ಸಾಲಿನಲ್ಲಿ ‘g’ ಮುಗಿಯಿತು. ಆ ಜಾಗಕ್ಕೆ ಒಂದು ಮೊಳೆ ತಲೆಕೆಳಗಾಗಿ ನಿಲ್ಲಿಸಿ, ನಿನ್ನನ್ನು ಕಳಿಸಿ, ಕಾಯುತ್ತಾ ಕೂತೆ. ಅರ್ಧ ಗಂಟೆಯಾಯಿತು, ಮುಕ್ಕಾಲು ಗಂಟೆಯಾಯಿತು. ಬೀದಿಯ ಕಡೆ ಕಣ್ಣಿಟ್ಟುಕೊಂಡೇ ಪುಟದ ಸುತ್ತ ದಾರ ಸುತ್ತಿ ಬಿಗಿ ಮಾಡಿದೆ. ಅಷ್ಟರಲ್ಲಿ ಆಸ್ಪತ್ರೆಯಿಂದ ಕರೆ ಬಂತು. ಅಪ್ಪ ಹಿಂದಿನ ದಿನವೇ, “ಪುಟ ಎಲ್ಲಿಗೆ ಬಂತು? ಒಂದ್ಸಲ ತಂದು ತೋರಿಸೇ” ಎಂದು ಕೇಳಿದ್ದರು. ಪ್ರೂಫ್ ತೆಗೆಯಲು ಹೊತ್ತಿರಲಿಲ್ಲ. ಪುಟವನ್ನೇ ಟವೆಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಓಡಿದೆ. ಕಲ್ಲಿನ ಭಾರ, ಬಸ್ಸಿನಲ್ಲಿ ಕೂತವನೊಬ್ಬ ಚೀಲದಲ್ಲಿ ಏನಿದೆ ಎಂದು ಎರಡು ಸಲ ಕೇಳಿದ.

ಅಪ್ಪನಿಗೆ ಕಣ್ಣು ಸರಿಯಾಗಿ ಬಿಡಲಾಗುತ್ತಿರಲಿಲ್ಲ. ಪುಟವನ್ನು ಹಾಸಿಗೆಯ ಮೇಲೆ ಅವರ ಕೈಯ ಕೆಳಗೆ ಇಟ್ಟೆ. ಬೆರಳು ಆಡಿಸುತ್ತಾ ಸಾಲು ಸಾಲಾಗಿ ಕೆಳಗೆ ಬಂದರು. ಕೊನೆಯ ಸಾಲಿನಲ್ಲಿ ಬೆರಳು ನಿಂತಿತು. ಮೊಳೆಯ ಬುಡ ಸಿಕ್ಕಿತ್ತು.

“‘g’ ತಾನೆ?” ಎಂದರು.

“ಹೂಂ ಅಪ್ಪ. ಚೋಟು ತರೋಕೆ ಹೋಗಿದಾನೆ.”

“ಬರ್ತಾನೆ ಬಿಡು. ಅವಸರ ಮಾಡ್ಬೇಡ.”

ಆಮೇಲೆ ಅವರು ಮಾತಾಡಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಹೋದರು. ನೀನು ಆಸ್ಪತ್ರೆಗೆ ಬಂದಾಗ ಎಲ್ಲ ಮುಗಿದಿತ್ತು. ನಾನು ಅಚ್ಚುಕೂಟಕ್ಕೆ ವಾಪಸ್ ಬಂದಾಗ ಅಲ್ಲಿ ಕೇಸು ಇಟ್ಟಿದ್ದ ಜಾಗದಲ್ಲಿ ನೆಲದ ಮೇಲೆ ಧೂಳಿಲ್ಲದ ಚೌಕಗಳು ಮಾತ್ರ ಇದ್ದವು.

ಗುಜರಿಗೆ ಹಾಕಿದ್ದಕ್ಕೆ ನಾನು ಊರು ಬಿಟ್ಟೆ ಎಂದು ನೀನು ತಿಳಿದುಕೊಂಡಿದ್ದೀಯ. ಮೊಳೆ ಹೋಗುವುದಿತ್ತು, ಹೋಯಿತು, ಅದು ನನಗೂ ಕಾಣುತ್ತಿತ್ತು. ಅಪ್ಪನಿಗೆ ನಾನು ಕೊನೆಯದಾಗಿ ಹೇಳಿದ ಮಾತು ಸುಳ್ಳಾಯಿತಲ್ಲ, ಅದನ್ನು ತಡೆದುಕೊಳ್ಳಲಾಗಲಿಲ್ಲ.

ಪುಟ ನನ್ನ ಮಂಚದ ಕೆಳಗಿದೆ. ಐದು ಮನೆ ಬದಲಾಯಿಸಿದೆ, ಐದು ಸಲವೂ ನಾನೇ ಕೈಯಲ್ಲಿ ಹಿಡಿದುಕೊಂಡು ಹೋದೆ. ದಾರ ಬಿಚ್ಚಿಲ್ಲ. ಭಾನುವಾರ ಶಾಯಿ ತಂದು, ಕಾಗದ ಹಾಸಿ, ಚಮಚದ ಬೆನ್ನಿನಿಂದ ಉಜ್ಜಿ ಒಂದು ಪ್ರೂಫ್ ತೆಗೆದೆ. ಇದರ ಜೊತೆ ಇದೆ. ಶಾಯಿ ತೆಳುವಾಗಿ ಹಾಕಿದ್ದೇನೆ. ‘g’ಯ ಎರಡೂ ಹೊಟ್ಟೆ ಚೆನ್ನಾಗಿ ಕಾಣುತ್ತವೆ. ಕೊನೆಯ ಸಾಲೂ ನೋಡು.

ಬರುವುದು ಬೇಡ. ಬಂದರೆ ಏನು ಮಾತಾಡಬೇಕೋ ನನಗೆ ಗೊತ್ತಾಗುವುದಿಲ್ಲ. ಒಬ್ಬಳೇ ಇದ್ದು ರೂಢಿಯಾಗಿಬಿಟ್ಟಿದೆ. ಮನೆಯಲ್ಲಿ ಕುರ್ಚಿ ಕೂಡ ಒಂದೇ ಇರುವುದು.

ಮೊಳೆ ಜೋಡಿಸುವವಳು


ಆಗಸ್ಟ್ 30

ಅಕ್ಕ,

ನಿನ್ನ ಪ್ರೂಫ್ ಮೇಜಿನ ಮೇಲೆ ಇಟ್ಟುಕೊಂಡು ಒಂದೂವರೆ ತಿಂಗಳು ಏನೂ ಬರೆಯಲು ಕೈ ಬರಲಿಲ್ಲ. ಅಪ್ಪ ಕಾಯುತ್ತಿದ್ದರು ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ಎಂದು ಶುರು ಮಾಡಿ ಎಷ್ಟು ಹಾಳೆ ಹರಿದೆನೋ. ಬರೆದದ್ದೆಲ್ಲ ನನ್ನನ್ನು ನಾನೇ ಬಿಡಿಸಿಕೊಳ್ಳುವ ಹಾಗೆ ಕಾಣಿಸುತ್ತಿತ್ತು. ಹಾಗಾಗಿ ಬರೆಯುವುದು ಬಿಟ್ಟು ಕೆಲಸ ಮಾಡಿದೆ.

‘g’ ಮುಗಿಯಿತು. ನಿನ್ನ ಪ್ರೂಫಿನಲ್ಲಿ ಎಲ್ಲ ಕಂಡಿತು. ಕಿವಿಯನ್ನು ಉದ್ದ ಮಾಡಿ ಎಂದು ಪ್ರಕಾಶನದವರು ಹಟ ಹಿಡಿದರು, ನಾನು ಅವರಿಗಿಂತ ಹೆಚ್ಚು ಹಟ ಹಿಡಿದೆ. ಉಳಿಯಿತು. ಖಾಲಿ ಚೌಕ ಬರೆಯಲಿಲ್ಲ. ನಮ್ಮ ಫಾಂಟಿನಲ್ಲಿ ಇಲ್ಲದ ಅಕ್ಷರ ಬಂದರೆ ಎರಡು ಕಪ್ಪು ಪಟ್ಟಿ ಕಾಣಿಸುತ್ತದೆ. ಅದೇನು ಎಂದು ಕೇಳಿದರು. ಹಳೆಯ ಅಚ್ಚುಕೂಟಗಳ ರೂಢಿ ಎಂದೆ. ಒಪ್ಪಿಕೊಂಡರು.

ಜೊತೆಯಲ್ಲಿ ಒಂದು ಬೆಂಕಿಪೊಟ್ಟಣ ಕಳಿಸಿದ್ದೇನೆ. ಜೋಪಾನವಾಗಿ ತೆಗೆ, ಹತ್ತಿಯಲ್ಲಿ ಸುತ್ತಿದೆ. ಕೆಳಗಿನ ಗಡಿಯಾರದವರಿಗೆ ಹಿತ್ತಾಳೆ ಕೊರೆಯುವವರೊಬ್ಬರ ಪರಿಚಯ ಇತ್ತು. ನನ್ನ ಚಿತ್ರ ಕೊಟ್ಟು ಒಂದು ‘g’ ಮೊಳೆ ಮಾಡಿಸಿದೆ. ಎತ್ತರ, ಅಗಲ ಎಲ್ಲ ಹಳೆಯ ಕೈಪಿಡಿ ನೋಡಿ ಬರೆದುಕೊಟ್ಟಿದ್ದೆ. ಮೂರು ಸಲ ಮಾಡಿಸಿದೆ, ಮೂರನೆಯದು ಇದು. ನನ್ನ ಹೊಸ ಫಾಂಟಿನ ‘g’, ಕಿವಿ ಮಾತ್ರ ಅಪ್ಪ ಉಜ್ಜಿದ್ದು.

ಬರಬೇಡ ಎಂದೆ, ಬರುವುದಿಲ್ಲ. ಆದರೆ ತರುತ್ತೇನೆ ಎಂದು ಹೇಳಿ ಹೋದದ್ದನ್ನು ಕಳಿಸಿದ್ದೇನೆ. ಆ ತಲೆಕೆಳಗಾದ ಮೊಳೆ ತೆಗೆದು ಇದನ್ನು ಇಡು ಅಕ್ಕ. ಅಷ್ಟಾದರೆ ಸಾಕು.

ನಿನ್ನ ಚೋಟು


ಸೆಪ್ಟೆಂಬರ್ 14

ಚೋಟು,

ಬೆಂಕಿಪೊಟ್ಟಣ ಬಂತು. ‘g’ ಚೆನ್ನಾಗಿದೆ. ಬಹಳ ಚೆನ್ನಾಗಿದೆ. ಈ ಮಾತನ್ನು ಇನ್ನೊಂದು ಸಲ ಬರೆಯುವುದಿಲ್ಲ, ಬೇಕಾದರೆ ಈ ಹಾಳೆ ಇಟ್ಟುಕೋ.

ಬೆಳಿಗ್ಗೆಯ ಬೆಳಕು ಬೇಕಿತ್ತು, ಅದಕ್ಕೆಂದೇ ಲೈಬ್ರರಿಗೆ ಒಂದು ದಿನ ರಜೆ ಹಾಕಿದೆ. ರಜೆ ಚೀಟಿಯಲ್ಲಿ ಕಾರಣ ಎನ್ನುವ ಕಡೆ ಏನು ಬರೆಯಬೇಕೋ ತಿಳಿಯದೆ “ಮನೆ ಕೆಲಸ” ಎಂದು ಬರೆದೆ. ಪುಟವನ್ನು ಕಿಟಕಿಯ ಹತ್ತಿರ ತಂದು ದಾರ ಸಡಿಲ ಮಾಡಿದೆ. ತಲೆಕೆಳಗಾದ ಮೊಳೆ ಅಷ್ಟು ವರ್ಷಕ್ಕೆ ಕಚ್ಚಿಕೊಂಡು ಕೂತಿತ್ತು, ಚಿಮಟದಲ್ಲಿ ಹಿಡಿದು ಎಳೆದರೂ ಬರಲಿಲ್ಲ. ಆಮೇಲೆ ಬಂತು. ನಿನ್ನದನ್ನು ಇಟ್ಟೆ. ಅಗಲ ಕರಾರುವಾಕ್ಕು. ದಾರ ಬಿಗಿದು, ಶಾಯಿ ಹಚ್ಚಿ, ಕಾಗದ ಹಾಸಿ, ಚಮಚದಿಂದ ಉಜ್ಜಿದೆ.

ಕಾಗದ ಹರಿಯಿತು. ಸರಿಯಾಗಿ ‘g’ ಇರುವ ಕಡೆ ತೂತು. ಅಕ್ಕಪಕ್ಕದ ಅಕ್ಷರಗಳು ಅರೆಬರೆ ಬಿದ್ದಿವೆ.

ಹೆಬ್ಬೆರಳು ಆಡಿಸಿ ನೋಡಿದೆ. ನಿನ್ನ ಮೊಳೆ ಉಳಿದವಕ್ಕಿಂತ ಚೂರು ಎತ್ತರ, ಒಂದು ಕಾಗದದಷ್ಟು. ನಿನ್ನ ಕೈಪಿಡಿಯ ಅಳತೆ ಸರಿಯೇ ಇರುತ್ತದೆ, ತಪ್ಪು ನಿನ್ನದಲ್ಲ. ನಮ್ಮ ಮೊಳೆಗಳು ವರ್ಷಗಟ್ಟಲೆ ಒತ್ತಿಸಿಕೊಂಡು ಸವೆದುಹೋಗಿವೆ. ಕೈಪಿಡಿ ಬರೆದವರಿಗೆ ಅದು ಹೇಗೆ ಗೊತ್ತಾಗಬೇಕು?

ಬುಡವನ್ನು ಉಜ್ಜಿ ತಗ್ಗಿಸಬೇಕು. ಅಪ್ಪನ ಅರ ಇದೆ ಎಂದೆನಲ್ಲ. ತೆಗೆದುಕೊಂಡು ಕೂತೆ. ಆಗಲಿಲ್ಲ ಚೋಟು. ಎರಡು ವರ್ಷದಿಂದ ನನ್ನ ಬಲಗೈ ನಡುಗುತ್ತದೆ. ಯಾರಿಗೂ ಹೇಳಿಲ್ಲ, ಹೇಳಲು ಯಾರಿದ್ದಾರೆ? ಲೈಬ್ರರಿಯಲ್ಲಿ ಅವರಾಗಿಯೇ ನೋಡಿ ಈಗ ಅಂಟು ಹಚ್ಚುವ ಕೆಲಸ ಮಾತ್ರ ಕೊಡುತ್ತಾರೆ. ಹಿತ್ತಾಳೆಗೆ ಅರ ಹಿಡಿಯುವುದು ನನ್ನಿಂದಾಗದು. ಒಂದು ಸಲ ಜಾರಿದರೆ ಈ ಕಿವಿಯೂ ಹೋಗುತ್ತದೆ.

‘g’ಯನ್ನು ತೆಗೆದು ಮತ್ತೆ ಹತ್ತಿಯಲ್ಲಿ ಸುತ್ತಿಟ್ಟಿದ್ದೇನೆ. ಹಳೆಯದನ್ನು ವಾಪಸ್ ನಿಲ್ಲಿಸಲು ಮನಸ್ಸು ಬರಲಿಲ್ಲ. ಕೊನೆಯ ಸಾಲಿನಲ್ಲಿ ಈಗ ತೂತಿದೆ, ದಾರ ಬಿಗಿಯಾಗಿ ನಿಲ್ಲುತ್ತಿಲ್ಲ. ಹೀಗೇ ಬಿಟ್ಟರೆ ಪುಟ ಕುಸಿಯುತ್ತದೆ.

ಅಂಚೆ ಕಚೇರಿಯ ಎದುರಿನ ಸಣ್ಣ ಬೀದಿ. ಹಸಿರು ಗೇಟು, ಒಳಗೆ ಹೋಗಿ ಎಡಕ್ಕೆ ಮೆಟ್ಟಿಲು. ಬಾಗಿಲು ಬಿಗಿ ಇದೆ, ಭುಜ ಕೊಟ್ಟು ತಳ್ಳಬೇಕು. ಇನ್ನೊಂದು ಕುರ್ಚಿಗೆ ಎದುರು ಮನೆಯವರನ್ನು ಕೇಳಿದ್ದೇನೆ, ಕೊಡುತ್ತಾರಂತೆ.

ಇಷ್ಟು ಹೊತ್ತಿಗೆ ಬರುತ್ತೇನೆ ಎಂದು ಮಾತ್ರ ಹೇಳಬೇಡ. ಸುಮ್ಮನೆ ಬಂದುಬಿಡು.

ಅಕ್ಕ